ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿಸಿದ ಮೇಲೂ ಬಿಡದ ಸದ್ದು: ಅಂತರಸನಹಳ್ಳಿ ಕಡೆಯ ಒಂದು ಗ್ಯಾರೇಜಿನಲ್ಲಿ ಕಂಡದ್ದು

ಕಾರಿನ ಮುಂದಿನ ಎರಡೂ ಚಕ್ರಗಳಿಗೆ ಹೊಸ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆ) ಮತ್ತು ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಹೊಸ ಬ್ರೇಕ್ ಪ್ಯಾಡ್ ಹಾಕಿಸಿ, ಏಳು ಸಾವಿರ ರೂಪಾಯಿಗೂ ಹೆಚ್ಚು ಕೊಟ್ಟು ಬಂದ ಎರಡೇ ದಿನಕ್ಕೆ, ಹಳೆಯ ಬ್ರೇಕಿನಲ್ಲಿ ಎಂದೂ ಕೇಳದಿದ್ದ ಸದ್ದುಗಳು ಶುರುವಾದರೆ ಯಾರಿಗಾದರೂ ಸಂಕಟವಾಗುತ್ತದೆ. ನನಗೆ ಆದದ್ದು ಅದೇ. ಆ ಸದ್ದುಗಳ ಮೂಲವನ್ನು ಒಂದೊಂದಾಗಿ ಹುಡುಕಿ ಸರಿಪಡಿಸಿಕೊಟ್ಟ, ತುಮಕೂರಿನ ಅಂತರಸನಹಳ್ಳಿ ಕಡೆಯಿರುವ ಒಂದು ಸಣ್ಣ ಗ್ಯಾರೇಜಿನ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಗ್ಯಾರೇಜಿನ ಹೆಸರು ಹಾಕಬೇಡಿ ಎಂದು ಮಾಲೀಕರೇ ಕೇಳಿಕೊಂಡಿದ್ದಾರೆ. ಅಲ್ಲಿರುವುದು ಅವರು ಮತ್ತು ಇಬ್ಬರು ಹುಡುಗರು ಮಾತ್ರ, ಗಾಡಿಗಳು ಹೆಚ್ಚಾದರೆ ಕೆಲಸ ಕೆಡುತ್ತದೆ ಎಂಬುದು ಅವರು ಕೊಟ್ಟ ಕಾರಣ. ಅವರ ಮಾತನ್ನು ಮೀರದೆ, ಅವರು ಏನು ಮಾಡಿದರು, ಯಾಕೆ ಮಾಡಿದರು ಎಂಬುದನ್ನು ವಿವರವಾಗಿ ಹೇಳುತ್ತೇನೆ. ಬೇರೆ ಕಡೆ ಇದೇ ಕೆಲಸ ಮಾಡಿಸುವವರಿಗೆ, ಗಾಡಿ ಬಿಡುವ ಮುನ್ನ ಏನೇನು ಕೇಳಬೇಕು ಎಂಬುದು ಇದರಿಂದ ತಿಳಿದರೆ ಬರೆದದ್ದು ಸಾರ್ಥಕ.

ನನ್ನದು ಎಂಟು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು, 78,000 ಕಿ.ಮೀ. ಓಡಿದೆ. ಗುಬ್ಬಿ ಗೇಟ್ ಬಳಿಯ ಮನೆಯಿಂದ ಶಾಲೆಗೆ ದಿನವೂ ಓಡಾಟ, ತಿಂಗಳಿಗೆ ಎರಡು ಮೂರು ಬಾರಿ ಬೆಂಗಳೂರಿಗೆ ಹೋಗಿಬರುವುದು. ಪ್ಯಾಡುಗಳು ಮೂರು ಮಿಲಿಮೀಟರಿಗೆ ಸವೆದಿದ್ದವು, ಡಿಸ್ಕಿನ ಅಂಚಿನಲ್ಲಿ ಉಗುರಿಗೆ ತಗಲುವಷ್ಟು ಏಣು ಎದ್ದಿತ್ತು. ನಗರದ ಒಂದು ರಿಪೇರಿ ಅಂಗಡಿಯಲ್ಲಿ ಎರಡನ್ನೂ ಬದಲಾಯಿಸಲು ಕೊಟ್ಟೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಗಾಡಿ ಸಿದ್ಧವಾಯಿತು. ಇಷ್ಟು ಬೇಗ ಮುಗಿಯಿತಲ್ಲ ಎಂದು ಆಗ ಸಂತೋಷವಾಗಿತ್ತು. ಆ ಅವಸರದಲ್ಲಿ ಬಿಟ್ಟುಹೋದ ಕೆಲಸಗಳೇ ಮುಂದೆ ಸದ್ದಾಗಿ ಕೇಳಿಬಂದವು ಎಂಬುದು ತಿಳಿಯಲು ಮೂರು ವಾರ ಬೇಕಾಯಿತು.

ಕೇಳಿಬಂದ ಸದ್ದು ಒಂದಲ್ಲ, ಮೂರು. ಟೌನ್‌ಹಾಲ್ ವೃತ್ತದ ಸಿಗ್ನಲ್‌ನಲ್ಲಿ ಮೆಲ್ಲನೆ ಬ್ರೇಕ್ ಒತ್ತಿ ನಿಲ್ಲಿಸುವಾಗ, ಕೊನೆಯ ಹತ್ತು ಹದಿನೈದು ಅಡಿಯಲ್ಲಿ, ಪಕ್ಕದ ಸ್ಕೂಟರಿನವರು ತಿರುಗಿ ನೋಡುವಷ್ಟು ಜೋರಾದ ಕೀರಲು ಸದ್ದು ಮೊದಲನೆಯದು. ಹಿಂದಕ್ಕೆ ತೆಗೆದು ಮತ್ತೆ ಮುಂದಕ್ಕೆ ಹೊರಟು ಮೊದಲ ಸಲ ಬ್ರೇಕ್ ಒತ್ತಿದಾಗ ಮುಂದಿನ ಬಲ ಚಕ್ರದಲ್ಲಿ ‘ಟಕ್’ ಎಂದು ಒಂದೇ ಒಂದು ಪೆಟ್ಟು ಬಿದ್ದಂತಾಗುವುದು ಎರಡನೆಯದು. ಮೂರನೆಯದು ಬ್ರೇಕ್ ಒತ್ತದೇ ಇದ್ದಾಗಲೂ ಎಡ ಚಕ್ರದಿಂದ ಬರುತ್ತಿದ್ದ ‘ಸರ್… ಸರ್…’ ಎಂಬ ಉಜ್ಜುವ ಸದ್ದು. ವೇಗ ಹೆಚ್ಚಿದಂತೆ ಇದೂ ಬೇಗ ಬೇಗ ಬರುತ್ತಿತ್ತು. ಹೆದ್ದಾರಿಯಲ್ಲಿ ಗಾಜು ಏರಿಸಿಕೊಂಡು ಹೋದರೆ ಯಾವುದೂ ಕೇಳುತ್ತಿರಲಿಲ್ಲ, ಊರೊಳಗೆ ಬಂದರೆ ಎಲ್ಲವೂ ಕೇಳುತ್ತಿತ್ತು.

ಕೆಲಸ ಮಾಡಿದ ಅಂಗಡಿಗೆ ಎರಡು ಬಾರಿ ಹೋದೆ. ಮೊದಲ ಸಲ, ಹೊಸದಲ್ಲವೇ, ಐನೂರು ಕಿಲೋಮೀಟರ್ ಓಡಲಿ, ತಾನಾಗಿಯೇ ಸರಿಹೋಗುತ್ತದೆ ಎಂದು ಕಳುಹಿಸಿದರು. ಎರಡನೆಯ ಸಲ ಚಕ್ರ ಬಿಚ್ಚಿ, ಪ್ಯಾಡಿನ ಅಂಚುಗಳನ್ನು ಅರದಿಂದ ಉಜ್ಜಿ, ಯಾವುದೋ ಗ್ರೀಸ್ ಸವರಿ ಕೊಟ್ಟರು. ಎರಡು ದಿನ ಸದ್ದು ಕಡಿಮೆಯಾದಂತೆ ಕಂಡು ಮೂರನೆಯ ದಿನ ಮೊದಲಿಗಿಂತ ಹೆಚ್ಚಾಯಿತು. ಮೂರನೆಯ ಬಾರಿ ಹೋಗಿದ್ದರೆ ಬೇರೆ ಕಂಪನಿಯ ಪ್ಯಾಡ್ ಹಾಕಿಸಿ ಎನ್ನುತ್ತಿದ್ದರೋ ಏನೋ, ನಾನು ಹೋಗಲಿಲ್ಲ. ಆ ಅಂಗಡಿಯವರ ಮೇಲೆ ದ್ವೇಷ ಸಾಧಿಸುವ ಇಚ್ಛೆ ನನಗಿಲ್ಲ. ಅವರು ಹಾಕಿದ ಬಿಡಿಭಾಗಗಳು ಒಳ್ಳೆಯವೇ ಆಗಿದ್ದವು ಎಂಬುದೂ ಆಮೇಲೆ ಗೊತ್ತಾಯಿತು.

ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಅಂತರಸನಹಳ್ಳಿ ಕಡೆಯ ಈ ಗ್ಯಾರೇಜಿಗೆ ಹೋದೆ. ತಗಡಿನ ಚಾವಣಿ, ಕೆಳಗೆ ಗುಡಿಸಿದ ಸಿಮೆಂಟ್ ನೆಲ, ಗೋಡೆಗೆ ಅಳತೆಯ ಪ್ರಕಾರ ಜೋಡಿಸಿ ತೂಗುಹಾಕಿದ ಸ್ಪ್ಯಾನರುಗಳು. ಮಾಲೀಕರಿಗೆ ಐವತ್ತೈದು ದಾಟಿರಬಹುದು. ನಾನು ಕೀಲಿಕೈ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. “ಮೊದಲು ಹೇಳಿ ಮೇಷ್ಟ್ರೇ, ಸದ್ದು ಯಾವಾಗ ಬರುತ್ತೆ? ಒತ್ತಿದಾಗಲೋ, ಬಿಟ್ಟಾಗಲೋ? ಬೆಳಿಗ್ಗೆ ಮೊದಲ ಸಲವೋ, ಬಿಸಿಯಾದ ಮೇಲೋ? ಗಾಡಿ ತಿರುಗಿಸಿದಾಗ ಬದಲಾಗುತ್ತಾ?” ಎಂದು ಒಂದರ ಹಿಂದೊಂದು ಕೇಳುತ್ತಾ, ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ನನ್ನ ಉತ್ತರಗಳನ್ನು ಗುರುತು ಹಾಕಿಕೊಂಡರು. ಹಿಂದಿನ ಅಂಗಡಿಯಲ್ಲಿ ಈ ಪ್ರಶ್ನೆಗಳಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ.

ಆಮೇಲೆ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಿದರು. ಕೈಗಾರಿಕಾ ಪ್ರದೇಶದ ಒಳರಸ್ತೆಯೊಂದರಲ್ಲಿ ಉದ್ದನೆಯ ಕಾಂಪೌಂಡ್ ಗೋಡೆ ಇದೆ. ಎರಡೂ ಕಡೆಯ ಗಾಜು ಇಳಿಸಿ, ಆ ಗೋಡೆಗೆ ನಾಲ್ಕು ಅಡಿ ದೂರದಲ್ಲಿ ಮೆಲ್ಲನೆ ಹೋಗುತ್ತಾ ಬ್ರೇಕ್ ಒತ್ತಿ ಬಿಟ್ಟು ಮಾಡಿದರು. ಚಕ್ರದ ಸದ್ದು ಗೋಡೆಗೆ ಬಡಿದು ಕಿವಿಗೆ ವಾಪಸ್ಸು ಬರುವುದರಿಂದ ಯಾವ ಕಡೆಯದು ಎಂಬುದು ಸ್ಪಷ್ಟವಾಗುತ್ತದೆ. ಮೊದಲು ಎಡಗಡೆಗೆ ಗೋಡೆ ಬರುವಂತೆ ಹೋಗಿ, ವಾಪಸ್ಸು ಬರುವಾಗ ಬಲಗಡೆಗೆ ಗೋಡೆ ಬರುವಂತೆ ಬಂದು ಎರಡನ್ನೂ ಹೋಲಿಸಿದರು. ಉಜ್ಜುವ ಸದ್ದು ಚಕ್ರದ ಒಂದೊಂದು ಸುತ್ತಿಗೆ ಒಂದೊಂದು ಸಲ ಬರುತ್ತಿದೆ ಎಂಬುದನ್ನು ಸ್ಟೀರಿಂಗ್ ಮೇಲೆ ಬೆರಳಿನಿಂದ ತಾಳ ಹಾಕಿ ನನಗೆ ತೋರಿಸಿದರು. ಹತ್ತೇ ನಿಮಿಷದ ಈ ಓಡಾಟಕ್ಕೆ ಅವರು ಹಣ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಇಡೀ ರಿಪೇರಿಯಲ್ಲಿ ಅತಿ ಬೆಲೆಯುಳ್ಳ ಭಾಗ ಇದೇ.

ಚಕ್ರ ಬಿಚ್ಚುವ ಮೊದಲು ಅವರು ಹೇಳಿದ ಒಂದು ಮಾತನ್ನು ಇಲ್ಲಿ ಬರೆಯಬೇಕು. ಬ್ರೇಕಿನ ಕೀರಲು ಸದ್ದೆಂದರೆ ಯಾವುದೋ ಭಾಗ ಮುರಿದಿದೆ ಎಂದಲ್ಲ. ಪ್ಯಾಡು ಡಿಸ್ಕನ್ನು ಹಿಡಿದು, ಜಾರಿ, ಮತ್ತೆ ಹಿಡಿದು, ಹೀಗೆ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಅದುರಿದಾಗ ಆ ಅದುರುವಿಕೆಯೇ ನಮಗೆ ಕೀರಲಾಗಿ ಕೇಳುತ್ತದೆ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆದರೆ ಕಿರ್ರೆನ್ನುತ್ತದೆ, ಓರೆ ಮಾಡಿದರೆ ನಿಲ್ಲುತ್ತದೆ. ಇಪ್ಪತ್ತು ವರ್ಷಗಳಿಂದ ಬರೆಯುತ್ತಿರುವ ನನಗೆ ಈ ವಿಷಯ ಆ ಕ್ಷಣವೇ ಮನಸ್ಸಿಗೆ ಇಳಿಯಿತು. ಹಾಗಾಗಿ ಆ ಅದುರುವಿಕೆಯನ್ನು ತಡೆಯಲೆಂದೇ ಇರುವ ಸಣ್ಣ ಸಣ್ಣ ಸಾಮಾನುಗಳು, ಎಂದರೆ ಪ್ಯಾಡಿನ ಬೆನ್ನಿಗೆ ಕೂರುವ ತೆಳು ಶಿಮ್, ಪ್ಯಾಡಿನ ಕಿವಿಗಳು ಕೂರುವ ಜಾಗದ ಸ್ಟೀಲ್ ಕ್ಲಿಪ್, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಂಬ ಭಾಗ ಜಾರುವ ಪಿನ್ನಿನ ಗ್ರೀಸ್, ಇವು ಸರಿಯಿಲ್ಲದಿದ್ದರೆ ಎಷ್ಟು ದುಬಾರಿಯ ಪ್ಯಾಡ್ ಹಾಕಿದರೂ ಕೀರಲು ಹೋಗುವುದಿಲ್ಲ.

ಎಡ ಚಕ್ರ ಮೊದಲು ಬಿಚ್ಚಿದರು. ಡಿಸ್ಕಿನ ಹಿಂದೆ ಕೆಸರು, ಕಲ್ಲು ಸಿಡಿಯದಂತೆ ತಡೆಯುವ ತೆಳು ತಗಡೊಂದು ಇರುತ್ತದೆ. ಹಳೆಯ ಡಿಸ್ಕನ್ನು ಸುತ್ತಿಗೆಯಿಂದ ಹೊಡೆದು ಬಿಡಿಸುವಾಗ ಆ ತಗಡು ಒಳಕ್ಕೆ ಬಾಗಿ, ಹೊಸ ಡಿಸ್ಕಿನ ಅಂಚನ್ನು ಒಂದು ಕಡೆ ಮುಟ್ಟುತ್ತಿತ್ತು. ತಗಡಿನ ಮೇಲೆ ತುಕ್ಕಿನ ನಡುವೆ ಬೆಳ್ಳಿಯಂತೆ ಹೊಳೆಯುವ ಒಂದು ಗೀರು ಕಾಣುತ್ತಿತ್ತು. ದೊಡ್ಡ ಸ್ಕ್ರೂಡ್ರೈವರ್ ಇಟ್ಟು ತಗಡನ್ನು ಅರ್ಧ ಸೆಂಟಿಮೀಟರ್ ಹೊರಕ್ಕೆ ಮೀಟಿದರು. ಒಂದು ನಿಮಿಷದ ಕೆಲಸ. ಸದ್ದಿನ ಕಾರಣ ಸಿಕ್ಕಿತಲ್ಲ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಅವರು, ಇಷ್ಟೇ ಆಗಿದ್ದರೆ ಸದ್ದು ಎಡೆಬಿಡದೆ ಬರಬೇಕಿತ್ತು, ಸುತ್ತಿಗೊಂದು ಸಲ ಬರುತ್ತಿದೆ ಎಂದರೆ ಡಿಸ್ಕೇ ಓಲಾಡುತ್ತಿದೆ ಎಂದರು.

ಅದನ್ನು ಅವರು ಅಳೆದು ತೋರಿಸಿದರು. ಡಿಸ್ಕನ್ನು ನಟ್ಟುಗಳಿಂದ ಹಬ್ಬಿಗೆ, ಎಂದರೆ ಡಿಸ್ಕ್ ಮತ್ತು ಚಕ್ರ ಕೂರುವ ನಡುವಿನ ಲೋಹದ ಭಾಗಕ್ಕೆ, ಬಿಗಿಯಾಗಿ ಕೂರಿಸಿ, ಡಯಲ್ ಗೇಜ್ ಎಂಬ ಗಡಿಯಾರದಂಥ ಉಪಕರಣವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅದರ ಮೊನೆಯನ್ನು ಡಿಸ್ಕಿನ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ತಾಗಿಸಿ, ಡಿಸ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು. ಮುಳ್ಳು 0.14 ಮಿಲಿಮೀಟರ್ ಅತ್ತಿತ್ತ ಆಡಿತು. ಹೆಚ್ಚಿನ ಕಾರುಗಳಲ್ಲಿ ಇದು 0.05ರಿಂದ 0.10ರ ಒಳಗಿರಬೇಕು, ನಿಖರವಾದ ಮಿತಿ ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಹೊಸ ಡಿಸ್ಕೇ ಸೊಟ್ಟಗಿದೆಯೇ ಎಂದು ಗಾಬರಿಯಿಂದ ಕೇಳಿದೆ. ಅವರು ಉತ್ತರ ಕೊಡದೆ ಡಿಸ್ಕನ್ನು ಕಳಚಿ, ಅದು ಕೂರುವ ಹಬ್ಬಿನ ಮುಖದ ಮೇಲೆ ನನ್ನ ಬೆರಳಿಟ್ಟು ಸವರಿಸಿದರು. ಎಂಟು ವರ್ಷದ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಕೈಗೆ ಹತ್ತಿತು. ಆ ತುಕ್ಕಿನ ಮೇಲೆಯೇ ಹೊಸ ಡಿಸ್ಕ್ ಕೂರಿಸಿದ್ದರು. ನಡುವಿನಲ್ಲಿ ಕೂದಲೆಳೆಯಷ್ಟು ತುಕ್ಕು ಉಳಿದರೂ, ಅಷ್ಟು ದೂರದ ಅಂಚಿಗೆ ಹೋಗುವಷ್ಟರಲ್ಲಿ ಅದು ಎರಡು ಮೂರು ಪಟ್ಟು ಓಲಾಟವಾಗುತ್ತದೆ. ತಂತಿಯ ಬ್ರಷ್ ಮತ್ತು ಎಮರಿ ಪೇಪರಿನಿಂದ ಹಬ್ಬಿನ ಮುಖವನ್ನು, ಬೋಲ್ಟುಗಳ ಬುಡವನ್ನು ಲೋಹ ಕಾಣುವವರೆಗೆ ಉಜ್ಜಿ, ಅದೇ ಡಿಸ್ಕನ್ನು ಮತ್ತೆ ಕೂರಿಸಿ ಅಳೆದಾಗ ಮುಳ್ಳು 0.04ರಲ್ಲಿ ನಿಂತಿತು.

ಈ ಓಲಾಟವನ್ನು ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಅವರು ವಿವರಿಸಿದರು. ಬ್ರೇಕ್ ಒತ್ತದೆ ಓಡುವಾಗಲೂ ಡಿಸ್ಕಿನ ಉಬ್ಬಿದ ಭಾಗ ಪ್ರತಿ ಸುತ್ತಿಗೂ ಪ್ಯಾಡನ್ನು ಸವರುತ್ತಾ ಹೋಗಿ, ಕೆಲವು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಆ ಜಾಗ ಮಾತ್ರ ತೆಳ್ಳಗಾಗುತ್ತದೆ; ಆಗ ಹೆದ್ದಾರಿಯಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಮತ್ತು ಪೆಡಲ್ ನಡುಗಲು ಶುರುವಾಗುತ್ತದೆ, ಜನ ‘ಡಿಸ್ಕ್ ಬೆಂಡ್ ಆಯ್ತು’ ಎನ್ನುತ್ತಾರೆ. ಬೆಂಡ್ ಆಗಿರುವುದಿಲ್ಲ, ದಪ್ಪ ಒಂದೇ ಸಮ ಇರುವುದಿಲ್ಲ, ಅಷ್ಟೇ. ಐದು ನಿಮಿಷ ತುಕ್ಕು ಉಜ್ಜದ ಕಾರಣಕ್ಕೆ ಸಾವಿರಾರು ರೂಪಾಯಿಯ ಡಿಸ್ಕುಗಳು ಒಂದು ವರ್ಷಕ್ಕೇ ಹಾಳಾಗುವುದನ್ನು ನೆನೆದು ನನಗೆ ಬೇಸರವಾಯಿತು.

ಬಲ ಚಕ್ರದ ಕಥೆ ಬೇರೆ. ಪ್ಯಾಡಿನ ಎರಡು ತುದಿಗಳು ಕ್ಯಾಲಿಪರ್ ಬ್ರಾಕೆಟ್ಟಿನಲ್ಲಿ ಕೂರುವ ಕಡೆ ಸ್ಟೀಲಿನ ಕ್ಲಿಪ್‌ಗಳಿರುತ್ತವೆ. ಒಂದು ಚಕ್ರಕ್ಕೆ ನನ್ನ ಗಾಡಿಯಲ್ಲಿ ನಾಲ್ಕು. ಬಲಗಡೆ ಮೂರೇ ಇದ್ದವು, ಆ ಮೂರೂ ಹಳೆಯವು, ಅದರಲ್ಲಿ ಒಂದು ತನ್ನ ಬಿಗಿ ಕಳೆದುಕೊಂಡು ಸಡಿಲವಾಗಿತ್ತು. ಮಾಲೀಕರು ಪ್ಯಾಡನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದರೆ ನಾನು ಮೂರು ವಾರದಿಂದ ಕೇಳುತ್ತಿದ್ದ ಅದೇ ‘ಟಕ್’ ಕೇಳಿತು. ಗಾಡಿಯ ದಿಕ್ಕು ಬದಲಾದಾಗ ಪ್ಯಾಡು ತನ್ನ ಜಾಗದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರಿ ಬಡಿಯುತ್ತಿತ್ತು. ಹೊಸ ಕ್ಲಿಪ್‌ಗಳ ಪೊಟ್ಟಣಕ್ಕೆ ಆದ ಖರ್ಚು 340 ರೂಪಾಯಿ.

ಇನ್ನೊಂದು ದೋಷವೂ ಅಲ್ಲೇ ಇತ್ತು. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಅತ್ತಿತ್ತ ಸಲೀಸಾಗಿ ಜಾರಬೇಕು. ಕ್ಯಾಲಿಪರಿನಲ್ಲಿರುವ ಪಿಸ್ಟನ್ ಒಳಬದಿಯ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಈ ಪಿನ್ನುಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ನನ್ನ ಗಾಡಿಯ ಕೆಳಗಿನ ಪಿನ್ನನ್ನು ಕೈಯಿಂದ ಎಳೆದರೆ ಬರಲಿಲ್ಲ, ತಿರುಚಿ ತಿರುಚಿ ತೆಗೆಯಬೇಕಾಯಿತು. ಮಾಲೀಕರು ಅದಕ್ಕೆ ಮೆತ್ತಿದ್ದ ಗ್ರೀಸನ್ನು ಬೆರಳಿಗೆ ತೆಗೆದುಕೊಂಡು ಮೂಸಿ, ಇದು ಚಾಸಿಗೆ ಹಾಕುವ ಸಾಮಾನ್ಯ ಗ್ರೀಸ್ ಎಂದರು. ಪೆಟ್ರೋಲಿಯಂನಿಂದ ಮಾಡಿದ ಗ್ರೀಸ್ ತಾಗಿದರೆ ಬ್ರೇಕಿನ ಒಳಗೆ ಬಳಸುವ ರಬ್ಬರ್ ಊದಿಕೊಳ್ಳುತ್ತದೆ. ಪಿನ್ನಿನ ತುದಿಯ ರಬ್ಬರ್ ಬುಷ್ ಹಾಗೆ ಊದಿ, ತೂತಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಸದ್ದು ನಿಲ್ಲಲೆಂದು ಎರಡನೆಯ ಸಲ ಸವರಿದ್ದ ಗ್ರೀಸೇ ಎರಡು ದಿನದ ಬಳಿಕ ಸದ್ದನ್ನು ಹೆಚ್ಚಿಸಿದ್ದು ಹೀಗೆ. ಬುಷ್ ಮತ್ತು ರಬ್ಬರ್ ಬೂಟ್ ಬದಲಾಯಿಸಿ, ಪಿನ್ನನ್ನೂ ತೂತನ್ನೂ ಒರೆಸಿ ಶುಚಿ ಮಾಡಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಹಚ್ಚಿ ಕೂರಿಸಿದಾಗ ಕ್ಯಾಲಿಪರ್ ಒಂದೇ ಬೆರಳಿಗೆ ಸರಿಯಿತು. ಆ ಪುಟ್ಟ ಪೊಟ್ಟಣದ ಗ್ರೀಸಿನ ಬೆಲೆ ಒಂದು ಊಟಕ್ಕಿಂತ ಕಡಿಮೆ.

ಕೀರಲಿಗೆ ಇಷ್ಟೇ ಕಾರಣವಲ್ಲ, ಅದರಲ್ಲಿ ನನ್ನ ಪಾಲೂ ಇತ್ತು. ಹೊರತೆಗೆದ ಪ್ಯಾಡುಗಳನ್ನು ಬೆಳಕಿಗೆ ಹಿಡಿದರೆ ಮುಖ ಮಂಕಾಗಿ ಒರಟಾಗಿರುವ ಬದಲು ಕನ್ನಡಿಯ ಹಾಗೆ ಮಿರುಗುತ್ತಿತ್ತು. ಹೊಸ ಡಿಸ್ಕುಗಳಿಗೆ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ತೆಳು ಎಣ್ಣೆ ಹಚ್ಚಿರುತ್ತಾರೆ. ಕೂರಿಸುವ ಮೊದಲು ಬ್ರೇಕ್ ಕ್ಲೀನರಿನಿಂದ ಅದನ್ನು ಪೂರ್ತಿ ತೊಳೆಯಬೇಕು. ಅಂಚಿನಲ್ಲಿ, ಪ್ಯಾಡು ತಾಗದ ಕಡೆ, ಇನ್ನೂ ಎಣ್ಣೆಯ ಜಿಡ್ಡು ಉಳಿದಿದ್ದರಿಂದ ಹಿಂದಿನ ಅಂಗಡಿಯಲ್ಲಿ ತೊಳೆದಿರಲಿಲ್ಲವೆಂಬುದು ಸ್ಪಷ್ಟವಾಗಿತ್ತು. ಅದರ ಮೇಲೆ, ಹೊಸ ಬ್ರೇಕ್ ಹಾಕಿಸಿದ ಮಾರನೆಯ ದಿನವೇ ನಾನು ಮನೆಯವರನ್ನೆಲ್ಲ ಕರೆದುಕೊಂಡು ದೇವರಾಯನದುರ್ಗಕ್ಕೆ ಹೋಗಿದ್ದೆ. ಭೋಗನರಸಿಂಹಸ್ವಾಮಿಯ ದರ್ಶನ ಮುಗಿಸಿ ಬೆಟ್ಟ ಇಳಿಯುವಾಗ ಮೂರನೇ ಗೇರಿನಲ್ಲಿ, ಉದ್ದಕ್ಕೂ ಬ್ರೇಕಿನ ಮೇಲೆ ಮೆಲ್ಲನೆ ಕಾಲಿಟ್ಟುಕೊಂಡೇ ಬಂದಿದ್ದೆ. ಇನ್ನೂ ಪಳಗದ ಪ್ಯಾಡಿಗೆ ಇದಕ್ಕಿಂತ ಕೆಟ್ಟ ಆರಂಭ ಬೇಕಿರಲಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು, ಬ್ರೇಕನ್ನು ಬೇಕಾದಾಗ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಬೇಕು ಎಂಬುದು ಗೊತ್ತಿದ್ದೂ ಪಾಲಿಸಿರಲಿಲ್ಲ.

“ಹಾಗಾದರೆ ಪ್ಯಾಡ್ ಬದಲಾಯಿಸಬೇಕಾ ಯಜಮಾನ್ರೇ?” ಎಂದು ಕೇಳಿದೆ. “ಎಣ್ಣೆ ಒಳಗೆ ಇಳಿದಿದ್ರೆ ಬಿಸಾಕಿ ಅಂತಿದ್ದೆ. ಇದು ಬರೀ ಮೇಲಿನ ಹೊಳಪು. ಎರಡು ಸಾವಿರ ಯಾಕೆ ದಂಡ ಮಾಡ್ತೀರಿ?” ಎಂದವರೇ, ದಪ್ಪ ಗಾಜಿನ ಚೂರೊಂದರ ಮೇಲೆ ಎಮರಿ ಪೇಪರ್ ಹಾಸಿ, ಅದರ ಮೇಲೆ ಪ್ಯಾಡನ್ನು ಎಂಟರ ಆಕಾರದಲ್ಲಿ ಉಜ್ಜಿಸಿದರು. ಮೂಗಿಗೆ ಮಾಸ್ಕ್ ಹಾಕಿಕೊಳ್ಳದೆ ಈ ಕೆಲಸಕ್ಕೆ ಹುಡುಗನನ್ನು ಕೂರಲು ಬಿಡಲಿಲ್ಲ. ಬ್ರೇಕಿನ ದೂಳನ್ನು ಏರ್ ಗನ್ನಿನಿಂದ ಊದುವುದಂತೂ ಅಲ್ಲಿ ನಿಷಿದ್ಧ, ಒದ್ದೆ ಬಟ್ಟೆಯಲ್ಲೇ ಒರೆಸುತ್ತಾರೆ. ಡಿಸ್ಕುಗಳ ಎರಡೂ ಮುಖವನ್ನು ನಯವಾದ ಎಮರಿ ಪೇಪರಿನಿಂದ, ಒಂದೇ ದಿಕ್ಕಿಗೆ ಗೀರು ಬೀಳದಂತೆ ಸುತ್ತ ಸುತ್ತ ಉಜ್ಜಿ, ಬ್ರೇಕ್ ಕ್ಲೀನರ್ ಸಿಂಪಡಿಸಿ, ಬಿಳಿ ಬಟ್ಟೆಗೆ ಕಪ್ಪು ಹತ್ತದ ತನಕ ಒರೆಸಿದರು. ಪ್ಯಾಡಿನ ಬೆನ್ನಿಗೆ, ಪಿಸ್ಟನ್ ತಾಗುವ ಕಡೆ ಮತ್ತು ಕಿವಿಗಳಿಗೆ ಮಾತ್ರ ಹೆಚ್ಚು ಶಾಖ ತಡೆಯುವ ಬ್ರೇಕ್ ಪೇಸ್ಟ್ ಒಂದಿಷ್ಟು ಹಚ್ಚಿದರು. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಎಚ್ಚರಿಕೆಯ ಸದ್ದು ಮಾಡುವ ಸಣ್ಣ ಲೋಹದ ನಾಲಿಗೆ ಸರಿಯಾದ ಕಡೆಗೇ ಇದೆಯೇ ಎಂದೂ ನೋಡಿದರು, ಅದು ಸರಿಯಾಗಿತ್ತು.

ಹಳೆಯ ಡಿಸ್ಕುಗಳನ್ನು ಬದಲಾಯಿಸುವ ಅಗತ್ಯವೇ ಇತ್ತೇ ಎಂಬ ಅನುಮಾನ ನನಗೆ ಬಂದಿತ್ತು. ಅದೃಷ್ಟಕ್ಕೆ ಅವು ಡಿಕ್ಕಿಯಲ್ಲೇ ಇದ್ದವು. ಡಿಸ್ಕಿನ ನಡುಭಾಗದ ಅಂಚಿನಲ್ಲಿ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಅಚ್ಚು ಒತ್ತಿರುತ್ತಾರೆ. ಮಾಲೀಕರು ತುಕ್ಕು ಒರೆಸಿ ಆ ಅಂಕಿಯನ್ನು ಓದಿಸಿ, ಮೈಕ್ರೋಮೀಟರಿನಿಂದ ಅಳೆದರು. ಎರಡೂ ಡಿಸ್ಕುಗಳು ಆ ಮಿತಿಗಿಂತ ಕೆಳಗೆ ಹೋಗಿದ್ದವು. ಆದ್ದರಿಂದ ಹಿಂದಿನ ಅಂಗಡಿಯವರು ಬದಲಾಯಿಸಲು ಹೇಳಿದ್ದು ಸರಿಯೇ ಆಗಿತ್ತು. ಈ ಮಾತನ್ನು ಅವರ ಪರವಾಗಿ ಬರೆಯುವುದು ನ್ಯಾಯ.

ಚಕ್ರ ಕೂರಿಸುವಾಗ ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯದೆ ಎದುರು ಬದುರಾಗಿ, ಮೊದಲು ಕೈಯಿಂದ, ಆಮೇಲೆ, ಬೇಕಾದಷ್ಟು ಬಿಗಿಯಾದ ಕೂಡಲೇ ‘ಟಿಕ್’ ಎನ್ನುವ ಟಾರ್ಕ್ ರೆಂಚಿನಿಂದ ಎರಡು ಹಂತದಲ್ಲಿ ಬಿಗಿದರು. ಗಾಳಿಯ ಗನ್ನಿನಿಂದ ಒಂದೊಂದು ನಟ್ಟಿಗೆ ಒಂದೊಂದು ಬಿಗಿ ಕೊಟ್ಟರೆ ಆ ಅಸಮ ಒತ್ತಡವೇ ಡಿಸ್ಕನ್ನು ಓಲಾಡಿಸಬಲ್ಲದು. ಪಿಸ್ಟನ್ನನ್ನು ಒಳಕ್ಕೆ ತಳ್ಳಿದಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುವುದರಿಂದ ಅದರ ಮಟ್ಟವನ್ನೂ ನೋಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿ ಅಲುಗಾಡಿಸುವ ಮುನ್ನ ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿದರು. ಪ್ಯಾಡ್ ಬದಲಾಯಿಸಿದ ಮೇಲೆ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಮನೆಯಲ್ಲೇ ಈ ಕೆಲಸ ಮಾಡಿಕೊಳ್ಳುವವರು ಇದನ್ನು ಮರೆತರೆ ಅನಾಹುತವಾಗುತ್ತದೆ.

ಉಳಿದದ್ದು ಪ್ಯಾಡನ್ನು ಪಳಗಿಸುವ ಕೆಲಸ. ಅದಕ್ಕೂ ಅವರು ನನ್ನನ್ನು ಕರೆದುಕೊಂಡೇ ಹೋದರು. ಮಧ್ಯಾಹ್ನದ ಹೊತ್ತು, ಹಿಂದೆ ಮುಂದೆ ವಾಹನವಿಲ್ಲದ ರಸ್ತೆ. ಗಂಟೆಗೆ 50 ಕಿ.ಮೀ. ವೇಗಕ್ಕೆ ಹೋಗಿ, ಸಾಧಾರಣ ಬಿಗಿಯಲ್ಲಿ ಬ್ರೇಕ್ ಒತ್ತಿ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿದು, ಅರ್ಧ ಕಿಲೋಮೀಟರ್ ಓಡಿ ತಣಿಯಲು ಬಿಟ್ಟು, ಹೀಗೆ ಹತ್ತು ಬಾರಿ ನನ್ನಿಂದಲೇ ಮಾಡಿಸಿದರು. ಕೊನೆಗೆ ಐದಾರು ಕಿಲೋಮೀಟರ್ ಆದಷ್ಟೂ ಬ್ರೇಕ್ ಮುಟ್ಟದೆ ಓಡಿಸಬೇಕು. ಹೀಗೆ ಮಾಡಿದಾಗ ಪ್ಯಾಡಿನ ವಸ್ತುವಿನ ತೆಳು ಪದರವೊಂದು ಡಿಸ್ಕಿನ ಮುಖದ ಮೇಲೆ ಎಲ್ಲ ಕಡೆ ಒಂದೇ ಸಮನಾಗಿ ಕೂರುತ್ತದೆ; ಕಾದ ಬ್ರೇಕನ್ನು ಒತ್ತಿ ಹಿಡಿದು ನಿಂತರೆ ಪ್ಯಾಡು ತಾಗಿದ ಜಾಗದಲ್ಲಿ ಮಾತ್ರ ದಪ್ಪ ಪಟ್ಟೆ ಅಂಟಿಕೊಂಡು ಮುಂದೆ ಅಲ್ಲಿಂದಲೇ ಸದ್ದು, ನಡುಕ ಹುಟ್ಟುತ್ತವೆ. ನಾಲ್ಕನೆಯ ಸಲದವರೆಗೆ ಸಣ್ಣಗೆ ಕೀರಲು ಇತ್ತು. ಆರನೆಯದರಲ್ಲಿ ಸುಟ್ಟ ವಾಸನೆಯೊಂದು ಬಂದು ನಾನು ಹೆದರಿದೆ. ಬರಲಿ ಬಿಡಿ, ಅದು ಸಹಜ ಎಂದರು. ಎಂಟನೆಯ ಸಲಕ್ಕೆ ಕಿವಿಗೊಟ್ಟು ಕೇಳಿದರೂ ಟೈರಿನ ಸದ್ದಲ್ಲದೆ ಬೇರೇನೂ ಇರಲಿಲ್ಲ.

ಅಲ್ಲಿಂದೀಚೆಗೆ ಎರಡು ತಿಂಗಳಲ್ಲಿ 1,900 ಕಿ.ಮೀ. ಓಡಿಸಿದ್ದೇನೆ. ಬಿ.ಎಚ್. ರಸ್ತೆಯ ಸಂಜೆಯ ದಟ್ಟಣೆಯಲ್ಲಿ, ಕ್ಯಾತ್ಸಂದ್ರದ ಟೋಲ್‌ನ ಸಾಲಿನಲ್ಲಿ ಇಂಚಿಂಚು ಸರಿಯುವಾಗ, ದೇವರಾಯನದುರ್ಗದ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಬರುವಾಗ, ಎಲ್ಲಿಯೂ ಆ ಮೂರು ಸದ್ದುಗಳಲ್ಲಿ ಒಂದೂ ಮರಳಿಲ್ಲ. ಮಳೆ ಬಂದ ಮಾರನೆಯ ಬೆಳಿಗ್ಗೆ ಮೊದಲ ಎರಡು ಸಲ ಬ್ರೇಕ್ ಒತ್ತಿದಾಗ ಸಣ್ಣ ಕರಕರ ಕೇಳುತ್ತದೆ. ಎರಕದ ಕಬ್ಬಿಣದ ಡಿಸ್ಕಿನ ಮೇಲೆ ರಾತ್ರಿಯ ತೇವಕ್ಕೆ ತೆಳುವಾಗಿ ಕೂತ ತುಕ್ಕು ಪ್ಯಾಡಿಗೆ ಉಜ್ಜಿ ಹೋಗುವ ಸದ್ದದು. ಅದಕ್ಕೆ ಗ್ಯಾರೇಜಿಗೆ ಓಡಬೇಡಿ ಎಂದು ಮೊದಲೇ ಹೇಳಿದ್ದರು. ಆದರೆ ಲೋಹಕ್ಕೆ ಲೋಹ ಅರೆದಂತೆ ಗರಗರ ಸದ್ದು ಬಂದರೆ, ಪೆಡಲ್ ಮೆತ್ತಗಾದರೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆದರೆ ಅಲ್ಲೇ ನಿಲ್ಲಿಸಿ ಫೋನ್ ಮಾಡಿ, ಓಡಿಸಿಕೊಂಡು ಬರಬೇಡಿ ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ.

ಕೆಲಸದ ಕೂಲಿ 1,000 ರೂಪಾಯಿ. ಕ್ಲಿಪ್, ಬುಷ್, ಬೂಟ್, ಗ್ರೀಸ್, ಕ್ಲೀನರ್ ಎಲ್ಲ ಸೇರಿ ಬಿಲ್ಲು 1,820 ಆಯಿತು. ಮೂರೂವರೆ ಗಂಟೆ ಹಿಡಿಯಿತು. ಗ್ಯಾರೇಜಿನ ಕುಂದುಗಳನ್ನೂ ಹೇಳಬೇಕು. ನನ್ನ ಸರದಿಗೆ ನಾಲ್ಕು ದಿನ ಕಾದೆ. ಕೆಲಸದ ನಡುವೆ ಅವರು ಫೋನ್ ಎತ್ತುವುದಿಲ್ಲ, ಹೋಗಿಯೇ ಮಾತಾಡಬೇಕು. ಬಿಡಿಭಾಗಗಳನ್ನು ಅವರು ಇಟ್ಟುಕೊಳ್ಳುವುದಿಲ್ಲ. ಚೀಟಿ ಬರೆದುಕೊಡುತ್ತಾರೆ, ನಾವೇ ಸ್ಪೇರ್ಸ್ ಅಂಗಡಿಗೆ ಹೋಗಿ ತರಬೇಕು, ನನಗೆ ಬುಷ್‌ಗಾಗಿ ಎರಡು ಸಲ ಓಡಾಡಬೇಕಾಯಿತು. ಕೂತು ಕಾಯಲು ಒಂದು ಬೆಂಚು ಬಿಟ್ಟರೆ ನೆರಳಿಲ್ಲ, ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ವಾರಂಟಿ ಇನ್ನೂ ಇರುವ ಗಾಡಿಯಾದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗುವುದು ಒಳ್ಳೆಯದು. ಅವರೂ ನನಗೆ ಅದನ್ನೇ ಹೇಳಿದರು. ಅವಸರವಿದ್ದವರಿಗೆ ಈ ಜಾಗ ಹೇಳಿದ್ದಲ್ಲ. ಗಾಡಿಯ ಪಕ್ಕದಲ್ಲೇ ನಿಂತು ನೋಡುತ್ತಾ, ಏನು ಎತ್ತ ಎಂದು ಕೇಳುತ್ತಾ ಕೆಲಸ ಮಾಡಿಸುವ ಮನಸ್ಸಿರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ತುಮಕೂರಿನಲ್ಲಿ ನನಗೆ ಸಿಕ್ಕಿಲ್ಲ.

ನೂರು ಕಿಲೋಮೀಟರ್ ಆದ ಮೇಲೆ ನಟ್ಟು ನೋಡಬೇಕು, ಒಮ್ಮೆ ಬನ್ನಿ ಎಂದಿದ್ದರು. ಮುಂದಿನ ಶನಿವಾರ ಶಾಲೆ ಮುಗಿಸಿಕೊಂಡು ಹೋದೆ. ಬೇರೊಂದು ಗಾಡಿಯ ಕೆಳಗೆ ಮಲಗಿದ್ದವರು ಎದ್ದು ಬಂದು, ಕೈ ಒರೆಸಿಕೊಂಡು, ಎರಡೂ ಚಕ್ರಗಳ ಎಂಟು ನಟ್ಟುಗಳಿಗೂ ಟಾರ್ಕ್ ರೆಂಚ್ ಹಾಕಿದರು. ಎಂಟೂ ಕಡೆ ‘ಟಿಕ್’ ಎಂದಿತು, ಒಂದೂ ಸಡಿಲವಾಗಿರಲಿಲ್ಲ. ಎಷ್ಟಾಯಿತು ಎಂದು ನಾನು ಜೇಬಿಗೆ ಕೈಹಾಕಿದರೆ, “ಇದು ಆವತ್ತಿನ ಕೆಲಸದ್ದೇ, ಹೋಗ್ಬನ್ನಿ ಮೇಷ್ಟ್ರೇ” ಎಂದು ಮತ್ತೆ ಗಾಡಿಯ ಕೆಳಗೆ ಸರಿದರು.